ಹೆಜ್ಜಾರ್ಲೆಯ ನೆಂಟರು ಯಾರು?

ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎರಡೂ ಅಕ್ಕಪಕ್ಕ ಗೂಡು ಕಟ್ಟುತ್ತವೆ. ಊರವರಿಗೆ ಎರಡೂ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೇ. ಪಕ್ಷಿಶಾಸ್ತ್ರದವರು ಮಾತ್ರ ಕಾಲು ನೋಡಿದ್ರು. ನಾಲ್ಕೂ ಬೆರಳಿಗೆ ಸೇರಿ ಜಾಲಪೊರೆ ಇದೆಯಾ? ಹಾಗಾದ್ರೆ ಹೆಜ್ಜಾರ್ಲೆ ನೀರುಕಾಗೆಯ ಬಳಗ!

1970-80ರ ದಶಕಗಳಲ್ಲಿ ಅಮೆರಿಕದ ಚಾರ್ಲ್ಸ್ ಸಿಬ್ಲಿ, ಜಾನ್ ಆಲ್‌ಕ್ವಿಸ್ಟ್ ಕಾಲು ಬಿಟ್ಟು ಡಿಎನ್‌ಎ ಹಿಡಿದರು. ಎರಡು ಹಕ್ಕಿಗಳ ಡಿಎನ್‌ಎ ಎಳೆಗಳನ್ನು ಜೋಡಿಸಿ ಕಾಯಿಸೋದು; ಕಡಿಮೆ ಬಿಸಿಗೇ ಬಿಟ್ಟುಕೊಂಡರೆ ದೂರದ ನೆಂಟರು. ಈ ಅಂತರಗಳನ್ನೆಲ್ಲ, ರಸ್ತೆ ಭೂಪಟದಲ್ಲಿ ಊರಿಂದೂರಿಗೆ ಕಿಲೋಮೀಟರ್ ಬರೆದಿರ್ತಾರಲ್ಲ, ಅಂಥ ಕೋಷ್ಟಕದಲ್ಲಿ ತುಂಬಿ, ಹೆಜ್ಜಾರ್ಲೆಯ ಸಾಲಿನಲ್ಲಿ ಅತಿ ಚಿಕ್ಕ ಸಂಖ್ಯೆ ಹುಡುಕಬೇಕು (ಸೊನ್ನೆ ಬಿಟ್ಟು, ಅದು ತನಗೆ ತಾನೇ). ಸಿಕ್ಕಿದ್ದು ಆಫ್ರಿಕಾದ ಜೌಗಿನ ಶೂಬಿಲ್. ಹಲವರು ನಂಬಲಿಲ್ಲ. 2008ರಲ್ಲಿ ಜೀನ್‌ಗಳ ಅಕ್ಷರಗಳನ್ನೇ ಓದಿ ಹೋಲಿಸಿದಾಗಲೂ ಶೂಬಿಲ್ ಹತ್ತಿರವೇ ಉಳಿಯಿತು, ಜೊತೆಗೆ ಹ್ಯಾಮರ್‌ಕಾಪ್ ಎಂಬ ಇನ್ನೊಂದು ಆಫ್ರಿಕದ ಹಕ್ಕಿ.

ಒಂದು ಮಾತು. ಸಾಲು ಯಾವುದೇ ಇರಲಿ, ಅದರಲ್ಲಿ ಅತಿ ಚಿಕ್ಕ ಸಂಖ್ಯೆ ಇದ್ದೇ ಇರುತ್ತೆ. ಬೆಳ್ಳೂರಿನ ಹಕ್ಕಿಗಳನ್ನಷ್ಟೇ ಕೋಷ್ಟಕಕ್ಕೆ ಹಾಕಿದ್ದರೆ ಅಲ್ಲೇ ಯಾವುದೋ ಒಂದು 'ಹತ್ತಿರದ ನೆಂಟ' ಆಗಿಬಿಡ್ತಿತ್ತು. ಶೂಬಿಲ್ ಹೆಸರೇ ಬರ್ತಿರಲಿಲ್ಲ.