ಅಫಿಡವಿಟ್

ಕೋರ್ಟಿನಿಂದ ಚುನಾವಣಾ ಕಣಕ್ಕೂ ಬಂದ ಪದವಿದು. ಮಧ್ಯಯುಗದ ಲ್ಯಾಟಿನ್‌ನಲ್ಲಿ ಇದು ಕ್ರಿಯಾಪದ. ‘ಆಣೆ ಮಾಡಿ ಹೇಳಿದ್ದಾನೆ’ ಎಂದರ್ಥ. ಇದರ ಬೇರು ನಂಬಿಕೆ ಎಂಬ ಅರ್ಥದ ‘ಫಿಡೆಸ್’. ಇಂಗ್ಲಿಷ್ ಕಾನೂನಿನ ಮೂಲಕ ನಾಮಪದವಾಗಿ ನಮ್ಮಲ್ಲಿಗೆ ಬಂತು. ಕನ್ನಡದ ‘ಪ್ರಮಾಣಪತ್ರ’ ಸರ್ಟಿಫಿಕೇಟಿಗೂ ಸಲ್ಲುವುದರಿಂದ, ‘ಅಫಿಡವಿಟ್ ಸಲ್ಲಿಕೆ’, ‘ಸುಳ್ಳು ಅಫಿಡವಿಟ್’ ಎಂಬ ಬಳಕೆಗಳೇ ಪತ್ರಿಕೆಗಳಲ್ಲಿ ರೂಢಿ.

ಸುಪ್ರೀಂ ಕೋರ್ಟಿನ 2002ರ ತೀರ್ಪು ಈ ಪದಕ್ಕೆ ಹೊಸ ತೂಕ ಕೊಟ್ಟಿತು. ಅಭ್ಯರ್ಥಿಯು ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ನಾಮಪತ್ರದೊಂದಿಗೆ ಘೋಷಿಸಬೇಕಾಯಿತು. ಇಂದು ಇದಕ್ಕೆ ‘ನಮೂನೆ 26’ ಇದೆ. ಎದುರಾಳಿಗಳು ಮೊದಲು ಜಾಲಾಡುವುದೂ ಇದನ್ನೇ. ಹಳೆಯ ಘೋಷಣೆಯನ್ನು ಹೊಸದರ ಪಕ್ಕದಲ್ಲಿಟ್ಟು ವ್ಯತ್ಯಾಸ ಹುಡುಕುತ್ತಾರೆ.

ಆದ್ದರಿಂದ ಸ್ಪರ್ಧೆಗಿಳಿಯುವವರು ತಮ್ಮ ಪಹಣಿ, ತೆರಿಗೆ ವಿವರ, ಕೋರ್ಟ್ ದಾಖಲೆ, ಹಿಂದಿನ ಅಫಿಡವಿಟ್‌ಗಳನ್ನು ಮೊದಲೇ ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಕಾರಣವನ್ನು ದಾಖಲೆಸಮೇತ ಸಿದ್ಧವಿಟ್ಟುಕೊಳ್ಳಬೇಕು. ಸುಳ್ಳು ಬರೆದರೆ ಅಥವಾ ಮಾಹಿತಿ ಮುಚ್ಚಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡನ್ನೂ ವಿಧಿಸಬಹುದು.

ಚುನಾವಣಾ ಆಯೋಗ ಈ ಅಫಿಡವಿಟ್‌ಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ. ಮತ ಹಾಕುವ ಮುನ್ನ ನಿಮ್ಮ ಕ್ಷೇತ್ರದ ಅಭ್ಯರ್ಥಿಗಳದ್ದನ್ನು ತಪ್ಪದೆ ಓದಿ.