ಬೊಜ್ಜಿನ ಶಸ್ತ್ರಚಿಕಿತ್ಸೆ: ನಂತರದ ದಶಕಗಳ ಬದುಕು

ಅತಿತೂಕ ಇಳಿಸಲು ಜಠರವನ್ನು ಕಿರಿದುಗೊಳಿಸುವ, ಕೆಲವೊಮ್ಮೆ ಸಣ್ಣ ಕರುಳಿನ ಹಾದಿಯನ್ನೂ ಬದಲಿಸುವ ಶಸ್ತ್ರಚಿಕಿತ್ಸೆಗಳಿಗೆ ಬೇರಿಯಾಟ್ರಿಕ್ ಸರ್ಜರಿ ಎಂದು ಹೆಸರು. ಆಪರೇಷನ್ ಮುಗಿಯಲು ಸಾಮಾನ್ಯವಾಗಿ ಒಂದೆರಡು ಗಂಟೆ ಸಾಕು. ಇಳಿಯಬೇಕಾದ ತೂಕದ ಬಹುಪಾಲು 12ರಿಂದ 18 ತಿಂಗಳಲ್ಲಿ ಇಳಿಯುತ್ತದೆ. ಆದರೆ 35ನೆಯ ವಯಸ್ಸಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡವರು ಆ ಬದಲಾದ ಹೊಟ್ಟೆಯೊಡನೆ ಇನ್ನೂ ಮೂರು ನಾಲ್ಕು ದಶಕ ಬಾಳಬೇಕು. ತೊಂದರೆಗಳಲ್ಲಿ ಹಲವು ನಿಧಾನವಾಗಿ, ವರ್ಷಗಳ ಮೇಲೆ ತಲೆಯೆತ್ತುತ್ತವೆ. ಬಹಳಷ್ಟು ಮಂದಿ ಆಸ್ಪತ್ರೆಯ ತಪಾಸಣೆಗೆ ಹೋಗುವುದನ್ನು ಅಷ್ಟರೊಳಗೆ ನಿಲ್ಲಿಸಿರುತ್ತಾರೆ. ಈ ಚಿಕಿತ್ಸಾಪದ್ಧತಿಯ ದೊಡ್ಡ ಕೊರತೆ ಇರುವುದು ಶಸ್ತ್ರಚಿಕಿತ್ಸಕನ ಕತ್ತರಿಯಲ್ಲಿ ಅಲ್ಲ, ಇಲ್ಲಿ.

ಕಾಲ ಕಳೆದ ಮೇಲೆಯೇ ಫಲ ತಿಳಿಯುತ್ತದೆ ಎಂಬುದನ್ನು ಈ ಕ್ಷೇತ್ರ ಆರಂಭದಲ್ಲೇ ಕಂಡುಕೊಂಡಿತು. 1954ರಲ್ಲಿ ಅಮೆರಿಕದ ಮಿನೆಸೋಟದ ಕ್ರೆಮೆನ್, ಲಿನ್ನರ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬಿಟ್ಟು ಆಹಾರ ಸಾಗುವಂತೆ ಮಾಡುವ ವಿಧಾನವನ್ನು ವರದಿ ಮಾಡಿದರು. ತೂಕವೇನೋ ಇಳಿಯಿತು; ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯ ಬಂದವು. ಕೊನೆಗೆ ಆ ವಿಧಾನವನ್ನೇ ಕೈಬಿಡಬೇಕಾಯಿತು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರ ಮೈ ತುಂಬುವುದಿಲ್ಲ ಎಂಬುದನ್ನು ಗಮನಿಸಿದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1960ರ ದಶಕದ ನಡುವೆ ಚಿಕಾಶಿ ಇಟೊ ಜೊತೆ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಇಂದಿನ ಬೈಪಾಸ್‌ನಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಪುಟ್ಟ ಚೀಲವೊಂದನ್ನು ಜಠರದಿಂದ ಬೇರ್ಪಡಿಸಿ ನೇರವಾಗಿ ಕರುಳಿಗೆ ಜೋಡಿಸುತ್ತಾರೆ. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುವ ಸ್ಲೀವ್ ವಿಧಾನ ಈಗ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವಂಥದು. ರಾಬರ್ಟ್ ರಟ್ಲೆಡ್ಜ್ 1997ರಲ್ಲಿ ಆರಂಭಿಸಿದ, ಒಂದೇ ಜೋಡಣೆಯ ಮಿನಿ ಬೈಪಾಸ್‌ಗೆ ಭಾರತದಲ್ಲಿ ಬೆಂಬಲ ಹೆಚ್ಚು.

ದೀರ್ಘಕಾಲದ ಫಲದ ಬಗ್ಗೆ ಅತ್ಯಂತ ನೆಚ್ಚತಕ್ಕ ಮಾಹಿತಿ ಬಂದಿರುವುದು ಸ್ವೀಡನ್ನಿನಿಂದ. ಅಲ್ಲಿ 1987ರಲ್ಲಿ ಆರಂಭವಾದ ಅಧ್ಯಯನ ಶಸ್ತ್ರಚಿಕಿತ್ಸೆ ಪಡೆದ ಸುಮಾರು 2,000 ಮಂದಿಯನ್ನೂ ಪಡೆಯದ ಅಷ್ಟೇ ಮಂದಿಯನ್ನೂ ದಶಕಗಳ ಕಾಲ ಹಿಂಬಾಲಿಸಿತು. 15 ವರ್ಷಗಳ ನಂತರ ಬೈಪಾಸ್ ಆದವರ ತೂಕ ಮೊದಲಿಗಿಂತ ಸರಾಸರಿ ಶೇ. 27ರಷ್ಟು ಕಡಿಮೆಯೇ ಇತ್ತು. ಜಠರಕ್ಕೆ ಪಟ್ಟಿ ಬಿಗಿಸಿಕೊಂಡವರಲ್ಲಿ ಶೇ. 13 ಮಾತ್ರ. 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಶಸ್ತ್ರಚಿಕಿತ್ಸೆ ಪಡೆದವರು ಪಡೆಯದ ಸ್ಥೂಲಕಾಯರಿಗಿಂತ ಸುಮಾರು 3 ವರ್ಷ ಹೆಚ್ಚು ಬದುಕಿದರು, ಸಾಮಾನ್ಯ ಜನರಿಗಿಂತ ಐದೂವರೆ ವರ್ಷ ಕಡಿಮೆ. ಜಾಹೀರಾತುಗಳು ಮೊದಲ ಅಂಕಿಯನ್ನಷ್ಟೇ ಹೇಳುತ್ತವೆ. ಸಕ್ಕರೆ ಕಾಯಿಲೆಯದೂ ಇದೇ ಕಥೆ: ಎರಡು ವರ್ಷಕ್ಕೆ ನೂರರಲ್ಲಿ 72 ಮಂದಿಗೆ ಗುಣ ಕಂಡಿತ್ತು, ಹತ್ತನೆಯ ವರ್ಷಕ್ಕೆ ಉಳಿದುಕೊಂಡವರು 36. ಕಾಯಿಲೆ ಮರಳಿದರೂ ನಡುವಿನ ವರ್ಷಗಳ ಲಾಭ ಕಣ್ಣು, ಮೂತ್ರಪಿಂಡಗಳಿಗೆ ದಕ್ಕಿರುತ್ತದೆ. ಆದರೆ ಅದು ಮರಳಬಹುದಾದ್ದರಿಂದ ಸಕ್ಕರೆ ಮಾತ್ರೆ ನಿಂತವರೂ ವರ್ಷಕ್ಕೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಬಿಡಬಾರದು.

ಊಟದ ರೀತಿ

ತಟ್ಟೆ ಚಿಕ್ಕದಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಷ್ಟವಿರುವುದು ಆ ಚಿಕ್ಕ ತಟ್ಟೆಯಲ್ಲಿ ಏನಿರಬೇಕು ಎಂಬುದರಲ್ಲಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಅನ್ನ, ತಿಳಿಸಾರು, ಹಪ್ಪಳ, ಕೊನೆಗೆ ಮಜ್ಜಿಗೆ ಎಂಬ ಊಟದಲ್ಲಿ ಅದರ ಕಾಲು ಭಾಗವೂ ಸಿಗುವುದು ಕಷ್ಟ, ಅದರಲ್ಲೂ ನಾಲ್ಕು ತುತ್ತಿಗೆ ಹೊಟ್ಟೆ ತುಂಬುವಾಗ. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತದೆ. ಸಸ್ಯಾಹಾರಿಗಳು ಮೊಳಕೆ ಹೆಸರುಕಾಳು, ಗಟ್ಟಿ ಮೊಸರು, ಸೋಯಾ, ಹುರುಳಿ, ಕಡಲೆಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ನಮ್ಮ ಊಟದ ಕ್ರಮವೇ ಇಲ್ಲಿ ತಲೆಕೆಳಗಾಗುತ್ತದೆ. ಬಡಿಸುವವರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ.

ಹಳೇ ಮೈಸೂರು ಸೀಮೆಯ ಮುದ್ದೆಯ ಸಂಗತಿ ಬೇರೆಯೇ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಒಳ್ಳೆಯ ಆಹಾರವೇ. ಆದರೆ ಮುದ್ದೆಯನ್ನು ಅಗಿಯದೆ, ಸಾರಿನಲ್ಲಿ ಅದ್ದಿ ನುಂಗುವುದು ರೂಢಿ. ಕಿರಿದಾದ ಜೋಡಣೆಯ ಬಾಯಿಗೆ ಆ ಅಂಟು ತುತ್ತು ಬಂದು ನಿಂತರೆ ಎದೆ ಒತ್ತಿ, ಬಾಯಲ್ಲಿ ನೊರೆ ತುಂಬಿ, ವಾಂತಿಯಾಗುವವರೆಗೆ ಬಿಡುಗಡೆಯಿಲ್ಲ. ಬಿಸಿ ಅನ್ನದ ಉಂಡೆ, ಮೆತ್ತನೆಯ ಬ್ರೆಡ್ಡು ಕೂಡ ಹೀಗೆ ಸಿಕ್ಕಿಕೊಳ್ಳುತ್ತವೆ. ಅದೇ ಹಿಟ್ಟು ತೆಳ್ಳನೆಯ ರೊಟ್ಟಿಯಾಗಿ, ದೋಸೆಯಾಗಿ ಬಂದರೆ ಅಗಿದು ತಿನ್ನಬಹುದು. ಊಟದ ನಡುವೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಗುಟುಕರಿಸುವ ಪಾಠವನ್ನು ಜೀವನವಿಡೀ ಪಾಲಿಸಬೇಕು. ಪದೇ ಪದೇ ವಾಂತಿಯಾದರೆ ಊಟದ ದೋಷವೆಂದು ಸುಮ್ಮನಿರಬಾರದು. ಕೆಲವೇ ವಾರಗಳಲ್ಲಿ ಥಯಾಮಿನ್ (ವಿಟಮಿನ್ ಬಿ1) ಬರಿದಾಗಿ ಕಣ್ಣು ಓಲಾಡುವ, ನಡಿಗೆ ತಪ್ಪುವ, ಬುದ್ಧಿ ಮಂಕಾಗುವ ವರ್ನಿಕೆ ಕಾಯಿಲೆ ಬರಬಹುದು. ಅಂಥವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸುವುದು ಅಪಾಯ.

ಡಂಪಿಂಗ್ ಎಂಬ ತೊಂದರೆ ಬೈಪಾಸ್ ಆದವರಲ್ಲಿ ಹೆಚ್ಚು. ಮದುವೆಮನೆಯಲ್ಲಿ ಒಂದು ಲೋಟ ಪಾಯಸ ಕುಡಿದ ಹತ್ತಿಪ್ಪತ್ತು ನಿಮಿಷಕ್ಕೆ ಎದೆ ಡವಡವಗುಟ್ಟಿ, ಮೈ ಬೆವತು, ಹೊಟ್ಟೆ ನುಲಿದು, ಮಲಗಿದರೆ ಸಾಕು ಎನ್ನಿಸುತ್ತದೆ. ಸಕ್ಕರೆ ತಡೆಯಿಲ್ಲದೆ ಕರುಳಿಗೆ ಸುರಿಯುವುದೇ ಕಾರಣ. ಇದರ ಇನ್ನೊಂದು ರೂಪ ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ: ಇನ್ಸುಲಿನ್ ಅತಿಯಾಗಿ ಉಕ್ಕಿ ರಕ್ತದ ಸಕ್ಕರೆ ಕುಸಿಯುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಇದು ಹೆಚ್ಚಾಗಿ ಆಪರೇಷನ್ ಆಗಿ ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಶುರುವಾಗುವುದರಿಂದ ಯಾರಿಗೂ ಅದರ ಮೂಲ ಹೊಳೆಯುವುದಿಲ್ಲ. ಆ ಕ್ಷಣಕ್ಕೆ ಸಕ್ಕರೆ ತಿಂದು ಸುಧಾರಿಸಿಕೊಳ್ಳಬೇಕಾದರೂ, ದಿನವೂ ಜೇಬಿನಲ್ಲಿ ಚಾಕೊಲೇಟ್ ಇಟ್ಟುಕೊಂಡು ತಿರುಗುವುದು ಮುಂದಿನ ಕುಸಿತಕ್ಕೆ ದಾರಿ.

ಮಾತ್ರೆ ಮತ್ತು ರಕ್ತಪರೀಕ್ಷೆ

ಕಬ್ಬಿಣ ಮತ್ತು ಕ್ಯಾಲ್ಸಿಯಂ ಮುಖ್ಯವಾಗಿ ಹೀರಲ್ಪಡುವುದು ಸಣ್ಣ ಕರುಳಿನ ಆರಂಭದಲ್ಲಿ. ಬೈಪಾಸ್‌ನಲ್ಲಿ ಆಹಾರ ಆ ಭಾಗವನ್ನು ಮುಟ್ಟುವುದೇ ಇಲ್ಲ. ಬಿ12 ಹೀರಲು ಜಠರದ ಗೋಡೆಯಿಂದ ಒಸರುವ ಪ್ರೋಟೀನೊಂದು ಬೇಕು, ಅದೂ ಕಡಿಮೆಯಾಗಿರುತ್ತದೆ. ಯಕೃತ್ತಿನಲ್ಲಿ ಬಿ12 ವರ್ಷಗಟ್ಟಲೆ ಸಂಗ್ರಹವಿರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಅಷ್ಟರಲ್ಲಿ ಮಾತ್ರೆ ನಿಲ್ಲಿಸಿದವರಿಗೆ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ಬಂದಿರುತ್ತದೆ. ಪಾದ ಜೋಮು ಹಿಡಿಯುವುದು, ಮರೆವು, ನಾಲಗೆ ಉರಿ ಈ ಕೊರತೆಯ ಗುರುತುಗಳು. ನರಕ್ಕಾದ ಹಾನಿ ಪೂರ್ತಿ ಹಿಮ್ಮರಳದೆ ಇರಬಹುದು. ಭಾರತದ ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದು ಸಾಮಾನ್ಯವಾದ್ದರಿಂದ ಇಲ್ಲಿ ಆ ಗಡುವು ಇನ್ನೂ ಬೇಗ ಬರುತ್ತದೆ.

ದಿನಕ್ಕೆ 1200ರಿಂದ 1500 ಮಿ.ಗ್ರಾಂ ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ ಬೇಕು. ಆಮ್ಲ ಕಡಿಮೆಯಾದ ಹೊಟ್ಟೆಗೆ ಕಾರ್ಬೊನೇಟ್‌ಗಿಂತ ಸಿಟ್ರೇಟ್ ರೂಪ ಒಗ್ಗುತ್ತದೆ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡ. ಎರಡು ಗಂಟೆಯ ಅಂತರವಿರಲಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ ಕುಡಿದರೂ ಅಷ್ಟೇ. ರಕ್ತದ ಕ್ಯಾಲ್ಸಿಯಂ ಸರಿಯಿದೆ ಎಂಬ ವರದಿ ಮಾತ್ರ ನೋಡಿ ನೆಮ್ಮದಿಯಾಗಬಾರದು. ಆಹಾರದಿಂದ ಬಾರದ್ದನ್ನು ದೇಹ ಮೂಳೆಯಿಂದ ಕಿತ್ತು ರಕ್ತಕ್ಕೆ ತುಂಬುತ್ತದೆ. ಪ್ಯಾರಾಥೈರಾಯ್ಡ್ ಹಾರ್ಮೋನು ಏರಿದ್ದರೆ ಈ ಕಳವು ನಡೆಯುತ್ತಿದೆ ಎಂದರ್ಥ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸಾಂದ್ರತೆಯ ಪರೀಕ್ಷೆ ಮುಖ್ಯ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಪ್ಯಾರಾಥೈರಾಯ್ಡ್, ಆಲ್ಬುಮಿನ್ ಪರೀಕ್ಷೆಗಳು ಆಜೀವ ನಡೆಯಬೇಕು.

ಬೈಪಾಸ್ ಆದವರಿಗೆ ಅತಿ ಹತ್ತಿರದ ಅಪಾಯ ಬಹುಶಃ ಬೀದಿ ತುದಿಯ ಔಷಧಿ ಅಂಗಡಿ. ವರ್ಷಗಟ್ಟಲೆ ಭಾರ ಹೊತ್ತ ಮಂಡಿಗಳು ತೂಕ ಇಳಿದ ಮೇಲೂ ನೋಯುತ್ತವೆ. ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಜಠರ-ಕರುಳು ಕೂಡುವ ಜಾಗದಲ್ಲಿ ಹುಣ್ಣು ಮಾಡುತ್ತವೆ. ಆ ಹುಣ್ಣು ರಕ್ತ ಕಾರಬಹುದು, ತೂತು ಬೀಳಬಹುದು. ಪ್ಯಾರಾಸಿಟಮಾಲ್ ಅಷ್ಟು ಅಪಾಯಕರವಲ್ಲ. ಧೂಮಪಾನವೂ ಅದೇ ಹುಣ್ಣಿಗೆ ಕಾರಣ. ಮದ್ಯ ಬೇಗ ರಕ್ತ ಸೇರಿ ಬೇಗ ಏರುತ್ತದೆ, ಹಳೆಯ ಲೆಕ್ಕ ನಡೆಯುವುದಿಲ್ಲ. ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮದ್ಯದ ತೊಡಕು ಶಸ್ತ್ರಚಿಕಿತ್ಸೆಗೆ ಮುಂಚೆ ಶೇ. 7.6 ಇದ್ದದ್ದು ಎರಡನೆಯ ವರ್ಷಕ್ಕೆ ಶೇ. 9.6 ಆಗಿತ್ತು.

ಗರ್ಭಧಾರಣೆಯನ್ನು 12ರಿಂದ 18 ತಿಂಗಳು ಮುಂದೂಡಲು ಸಲಹೆಯಿದೆ. ತೂಕ ಇಳಿದಂತೆ ಅಂಡೋತ್ಪತ್ತಿ ಸರಿಹೋಗಿ, ಮಕ್ಕಳಾಗದೆಂದು ಸುಮ್ಮನಿದ್ದವರೂ ಬೇಗ ಗರ್ಭಿಣಿಯಾಗುವುದುಂಟು. ಬೈಪಾಸ್ ನಂತರ ಗರ್ಭನಿರೋಧಕ ಗುಳಿಗೆಯನ್ನೇ ನೆಚ್ಚುವಂತಿಲ್ಲ. ಭಾರತದಲ್ಲಿ ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷಿಸುವುದು ವಾಡಿಕೆ. ಬೈಪಾಸ್ ಆದವಳಿಗೆ ಆ ಲೋಟವೇ ಡಂಪಿಂಗ್ ತರುತ್ತದೆ. ಅದರ ಬದಲು ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರಿನಿಂದ ನೋಡಿಕೊಳ್ಳಬಹುದು. ಬೈಪಾಸ್ ಆಗಿರುವ ಸಂಗತಿಯನ್ನು ತಪಾಸಣೆಗೆ ಹೋದ ಮೊದಲ ದಿನವೇ ಹೇಳಿಬಿಡಬೇಕು.

ಮೈ, ಮನಸ್ಸು, ಮರಳುವ ತೂಕ

ಜೋತುಬಿದ್ದ ಚರ್ಮ ಸೌಂದರ್ಯದ ಪ್ರಶ್ನೆಯಷ್ಟೇ ಅಲ್ಲ. ಸೆಖೆಗಾಲದಲ್ಲಿ ಹೊಟ್ಟೆಯ ಮಡಿಕೆಯೊಳಗೆ ಬೆವರು ನಿಂತು ಹುಣ್ಣು, ಹುಳುಕಡ್ಡಿ ಆಗುತ್ತದೆ. ಸೀರೆ ಉಡುವ ಜಾಗದಲ್ಲೇ ಅದು ಹೆಚ್ಚು. ವ್ಯಾಯಾಮದಿಂದ ಆ ಚರ್ಮ ಬಿಗಿಯುವುದಿಲ್ಲ, ತೂಕ ನೆಲೆ ನಿಂತ ಮೇಲೆ ಪ್ಲಾಸ್ಟಿಕ್ ಸರ್ಜರಿಯೇ ಬೇಕು.

ಮನಸ್ಸಿನ ವಿಷಯವನ್ನು ಆಸ್ಪತ್ರೆಗಳು ಬೇಗ ದಾಟಿಬಿಡುತ್ತವೆ. ಅಮೆರಿಕದ ಯೂಟಾದಿಂದ 2007ರಲ್ಲಿ ಬಂದ ವರದಿಯಲ್ಲಿ ಬೈಪಾಸ್ ಆದವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸಾವುಗಳು ಇಳಿದಿದ್ದವು. ಅಪಘಾತ, ಆತ್ಮಹತ್ಯೆಯಂಥ ಸಾವುಗಳು ಮಾತ್ರ ಹೆಚ್ಚಿದ್ದವು. ಊಟದಲ್ಲೇ ಸಮಾಧಾನ ಕಂಡುಕೊಂಡಿದ್ದವರಿಗೆ ಆ ದಾರಿ ಒಮ್ಮೆಲೇ ಮುಚ್ಚಿಹೋಗಿರುತ್ತದೆ. ಖಿನ್ನತೆ, ಸಾಯಬೇಕೆಂಬ ಯೋಚನೆ ಕಂಡರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳು ಮೊದಲಿನಂತೆ ಹೀರಲ್ಪಡದೆ ಇರಬಹುದು. ಖಿನ್ನತೆಗೆ, ಅಪಸ್ಮಾರಕ್ಕೆ ಔಷಧ ತೆಗೆದುಕೊಳ್ಳುವವರು ಇದನ್ನೂ ಕೇಳಿ ತಿಳಿಯಬೇಕು.

ವರ್ಷಗಳ ಮೇಲೂ ಮರೆಯಬಾರದ ಒಂದು ಲಕ್ಷಣ ಹೊಟ್ಟೆನೋವು. ಬೈಪಾಸ್‌ನಲ್ಲಿ ಕರುಳನ್ನು ಮೇಲೆತ್ತಿ ಜೋಡಿಸುವಾಗ ಉಳಿದ ಸಂದುಗಳಲ್ಲಿ, ಅದರಲ್ಲೂ ಪೀಟರ್ಸನ್ ಎಂಬ ಸರ್ಜನ್ನನ ಹೆಸರಿನ ಸಂದಿನಲ್ಲಿ, ಕರುಳು ನುಸುಳಿ ತಿರುಚಿಕೊಳ್ಳಬಹುದು. ಕೊಬ್ಬು ಕರಗಿದಷ್ಟೂ ಸಂದು ಅಗಲವಾಗುತ್ತದೆ. ಆದ್ದರಿಂದ ಬಿಟ್ಟುಬಿಟ್ಟು ಬರುವ, ಊಟದ ನಂತರ ಹೆಚ್ಚುವ ನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವಂತಿಲ್ಲ, ಸ್ಕ್ಯಾನ್ ಸರಿಯಿದ್ದರೂ. ಯಾವ ಶಸ್ತ್ರಚಿಕಿತ್ಸೆ, ಯಾವ ವರ್ಷ ಆಯಿತೆಂದು ಬರೆದ ಚೀಟಿಯೊಂದು ಪರ್ಸಿನಲ್ಲಿದ್ದರೆ ಪರವೂರಿನ ತುರ್ತು ವಿಭಾಗದ ವೈದ್ಯರಿಗೆ ದಾರಿ ಸಿಗುತ್ತದೆ. ಸ್ಲೀವ್ ಆದವರಲ್ಲಿ ಹುಳಿತೇಗು, ಎದೆಯುರಿ ಹೆಚ್ಚು. ಅದು ವರ್ಷಗಟ್ಟಲೆ ಉಳಿದರೆ ಅನ್ನನಾಳದ ಒಳಪೊರೆ ಬದಲಾಗಬಹುದಾದ್ದರಿಂದ ಎಂಡೊಸ್ಕೋಪಿ ಬೇಕಾಗುತ್ತದೆ.

ಕನಿಷ್ಠ ತೂಕ ಮುಟ್ಟಿದ ಮೇಲೆ ಅಷ್ಟಿಷ್ಟು ಮರಳಿ ಏರುವುದು ಸಹಜ. ಯೂಟಾದ ಇನ್ನೊಂದು ಅಧ್ಯಯನದಲ್ಲಿ ಎರಡನೆಯ ವರ್ಷಕ್ಕೆ ಸರಾಸರಿ 45 ಕೆ.ಜಿ. ಇಳಿದಿದ್ದವರು 12ನೆಯ ವರ್ಷಕ್ಕೆ 35 ಕೆ.ಜಿ. ಇಳಿಕೆಯನ್ನು ಉಳಿಸಿಕೊಂಡಿದ್ದರು. ಹೀಗಿರುವಾಗ ನಾಲ್ಕೈದು ಕೆ.ಜಿ. ಏರಿದೊಡನೆ ನಾಚಿಕೆಯಿಂದ ವೈದ್ಯರ ಕಣ್ಣು ತಪ್ಪಿಸುವ ಅಗತ್ಯವಿಲ್ಲ. ಕುರುಕಲು, ಸಿಹಿ ಪಾನೀಯ, ನಿದ್ದೆಗೇಡು, ಹೊಸದಾಗಿ ಶುರುವಾದ ಔಷಧ, ಹಿಗ್ಗಿದ ಚೀಲ ಇವುಗಳಲ್ಲಿ ಯಾವುದು ಕಾರಣವೆಂದು ಹುಡುಕಬೇಕು. ಸ್ಲೀವ್ ಅನ್ನು ಬೈಪಾಸ್ ಆಗಿ ಬದಲಿಸುವ ಎರಡನೆಯ ಆಪರೇಷನ್ ಸಾಧ್ಯವಿದ್ದರೂ ಅದರ ಅಪಾಯ ಮೊದಲನೆಯದಕ್ಕಿಂತ ಹೆಚ್ಚು. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್, ತೂಕ ಇಳಿಕೆಗೆಂದೇ ಬಂದ ಸೆಮಾಗ್ಲುಟೈಡ್ ಚುಚ್ಚುಮದ್ದುಗಳನ್ನು ಇಂಥವರಿಗೂ ಬಳಸಲಾಗುತ್ತಿದೆ. ಅವು ಮೊದಲೇ ಕಿರಿದಾದ ಹಸಿವನ್ನು ಇನ್ನಷ್ಟು ಕುಗ್ಗಿಸುವುದರಿಂದ ಪ್ರೋಟೀನ್, ವಿಟಮಿನ್‌ಗಳ ಮೇಲಿನ ನಿಗಾ ಆಗ ಮತ್ತೆ ಮೊದಲ ವರ್ಷದಷ್ಟೇ ಬಿಗಿಯಾಗಬೇಕಾಗುತ್ತದೆ.