ದುಃಖಕ್ಕೆ ದುಭಾಷಿ ಬೇಕೆ?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ತಿಂಗಳ ಹಿಂದೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಳು. ಹೆಸರು ಹೇಳದೆ ಅದನ್ನು ಇಲ್ಲಿ ಪ್ರಸ್ತಾಪಿಸಲು ಆಕೆಯೇ ಅನುಮತಿ ಕೊಟ್ಟಿದ್ದಾಳೆ. ತಂದೆ ತೀರಿಕೊಂಡಾಗ ವೀಸಾದ ತೊಡಕಿನಿಂದ ಅವಳಿಗೆ ಊರಿಗೆ ಬರಲಾಗಲಿಲ್ಲ. ಅಂತ್ಯಕ್ರಿಯೆಯನ್ನೂ ವೈಕುಂಠ ಸಮಾರಾಧನೆಯನ್ನೂ ಮೊಬೈಲಿನ ಪರದೆಯಲ್ಲಿ ನೋಡಿದಳು. ಆಮೇಲೆ ನಿದ್ರೆ ದೂರವಾಯಿತು. ಆಪ್ತಸಮಾಲೋಚಕಿಯೊಬ್ಬರನ್ನು ಕಂಡಳು. ಅವರು ಸಜ್ಜನರು, ತಾಳ್ಮೆಯುಳ್ಳವರು. ಆದರೆ ಸೂತಕವೆಂದರೇನು, ಹದಿಮೂರನೆಯ ದಿನಕ್ಕೇಕೆ ಅಷ್ಟು ಮಹತ್ವ, ಬಾರದ ತಂಗಿಯ ಮೇಲೆ ಅಣ್ಣನಿಗೇಕೆ ಅಷ್ಟು ಸಿಟ್ಟು ಎಂಬುದನ್ನು ವಿವರಿಸುವುದರಲ್ಲೇ ಮೂರು ಭೇಟಿಗಳು ಕಳೆದುಹೋದವು. "ಅಳಲು ಹೋದವಳು ಪಾಠ ಮಾಡಿ ಬಂದೆ ಮೇಷ್ಟ್ರೇ" ಎಂದು ಬರೆದಿದ್ದಳು.

ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. "ನಮ್ಮ ಕಡೆಯವರೇ ಬೇಕೆಂದು ಹುಡುಕುವುದು ಸಂಕುಚಿತ ಬುದ್ಧಿಯಲ್ಲವೇ? ವಿಶ್ವಮಾನವರಾಗಿ ಎಂದು ನೀವೇ ಅಲ್ಲವೇ ಕಲಿಸಿದ್ದು?"

ಕೂಡಲೇ ಉತ್ತರಿಸಲು ನನ್ನಿಂದಾಗಲಿಲ್ಲ. ಇತಿಹಾಸದ ಮೇಷ್ಟ್ರಾದವನಿಗೆ ಇತಿಹಾಸವೇ ದಿಕ್ಕು. ಆಗ ನೆನಪಾದದ್ದು ಫ್ರಾಂಟ್ಜ್ ಫ್ಯಾನನ್ ಎಂಬ ವೈದ್ಯನ ಕಥೆ.

ಫ್ಯಾನನ್ 1925ರಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪದಲ್ಲಿ ಹುಟ್ಟಿದ ಕಪ್ಪು ಜನಾಂಗದವನು. ಫ್ರಾನ್ಸಿನಲ್ಲಿ ಮನೋವೈದ್ಯನಾಗಿ ತರಬೇತಿ ಪಡೆದು, 1953ರಲ್ಲಿ ಆಗಿನ್ನೂ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಬ್ಲಿಡಾ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಬಂದನು. ಅಲ್ಲಿ ಯುರೋಪಿಯನ್ನರಿಗೂ ಸ್ಥಳೀಯ ಮುಸ್ಲಿಮರಿಗೂ ಪ್ರತ್ಯೇಕ ವಾರ್ಡುಗಳಿದ್ದವು. ಫ್ಯಾನನ್ನನ ಪಾಲಿಗೆ ಬಂದವರು 165 ಯುರೋಪಿಯನ್ ಮಹಿಳೆಯರು ಮತ್ತು 220 ಮುಸ್ಲಿಂ ಪುರುಷರು. ರೋಗಿಗಳನ್ನು ಕೂಡಿಹಾಕುವುದರ ಬದಲು ಅವರಿಗೊಂದು ಸಾಮಾಜಿಕ ಜೀವನವನ್ನು ಕಟ್ಟಿಕೊಡಬೇಕೆಂದು ಆತ ಫ್ರಾನ್ಸಿನಲ್ಲಿ ಕಲಿತಿದ್ದನು. ಅಂತೆಯೇ ಸಭೆ, ಹಬ್ಬ, ಚಲನಚಿತ್ರ, ಕೈಕೆಲಸ, ರೋಗಿಗಳದೇ ಒಂದು ಪತ್ರಿಕೆ ಎಲ್ಲವನ್ನೂ ಆರಂಭಿಸಿದನು. ಮಹಿಳೆಯರ ವಾರ್ಡು ಕೆಲವೇ ವಾರಗಳಲ್ಲಿ ಜೀವ ತಳೆಯಿತು. ಪುರುಷರ ವಾರ್ಡಿನಲ್ಲಿ ಮಾತ್ರ ಮೌನ. ಯಾರೂ ಸಭೆಗೆ ಬಾರರು, ಬಂದವರು ಬಾಯಿ ಬಿಡರು.

ಆ ಮೌನಕ್ಕೆ ಆ ಕಾಲದ ವೈದ್ಯಶಾಸ್ತ್ರದಲ್ಲಿ ಸಿದ್ಧ ಉತ್ತರವೊಂದಿತ್ತು. ಆಲ್ಜಿಯರ್ಸಿನ ಪ್ರಾಧ್ಯಾಪಕ ಆಂತ್ವಾನ್ ಪೊರೊ ಮತ್ತು ಆತನ ಶಿಷ್ಯರು ಉತ್ತರ ಆಫ್ರಿಕಾದವರ ಮನಸ್ಸೇ ಹಿಂದುಳಿದದ್ದು ಎಂದು ಬರೆದಿದ್ದರು. ಫ್ಯಾನನ್ ಆ ಉತ್ತರವನ್ನು ಒಪ್ಪಲಿಲ್ಲ, ತನ್ನನ್ನೇ ಪರೀಕ್ಷಿಸಿಕೊಂಡನು. 1954ರಲ್ಲಿ ಕಿರಿಯ ಸಹೋದ್ಯೋಗಿ ಜಾಕ್ ಅಜೂಲೆಯೊಡನೆ ಪ್ರಕಟಿಸಿದ ಲೇಖನದಲ್ಲಿ, ತಪ್ಪು ರೋಗಿಗಳದಲ್ಲ, ನಮ್ಮದು ಎಂದು ಒಪ್ಪಿಕೊಂಡನು. ಬುಟ್ಟಿ ಹೆಣೆಯುವುದು ಆ ಗಂಡಸರ ಕಣ್ಣಿಗೆ ಹೆಂಗಸರ ಕೆಲಸ. ಬಹುತೇಕರಿಗೆ ಅಕ್ಷರ ಬಾರದಿದ್ದುದರಿಂದ ಪತ್ರಿಕೆ ವ್ಯರ್ಥ. ಆಚರಿಸಿದ ಹಬ್ಬಗಳು ಅವರವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ವೈದ್ಯನಿಗೆ ಅರಬ್ಬಿಯೂ ಬಾರದು, ಕಬೈಲ್ ಭಾಷೆಯೂ ಬಾರದು. ಪ್ರತಿಯೊಂದು ಮಾತೂ ದುಭಾಷಿಯ ಮೂಲಕವೇ ಸಾಗಬೇಕು. ಆ ಜನ ಅದುವರೆಗೆ ದುಭಾಷಿಯನ್ನು ಕಂಡದ್ದು ಕೋರ್ಟು ಕಚೇರಿಗಳಲ್ಲಿ. ಅಂಥವನ ಎದುರಿನಲ್ಲಿ ಮನದಾಳದ ನೋವು ಹೊರಬರುವುದೆಂತು?

ಗಮನಿಸಿ, ಫ್ಯಾನನ್ ಸ್ವತಃ ವರ್ಣಭೇದದ ಬೇಗೆಯನ್ನು ಉಂಡವನು. ಆದರೂ ಆ ವಾರ್ಡಿನಲ್ಲಿ ಆತ ಪರಕೀಯನೇ. ಸಮಾನ ಅನುಭವವೂ ಕೂಡ ಎಲ್ಲ ಬಾಗಿಲುಗಳನ್ನು ತೆರೆಯುವುದಿಲ್ಲ. ಆತನ ದೊಡ್ಡತನವಿರುವುದು ಅದನ್ನು ಅರಿತುಕೊಂಡದ್ದರಲ್ಲಿ. ಅನಂತರ ಆಸ್ಪತ್ರೆಯೊಳಗೆ ಅವರ ರೀತಿಯದೇ ಒಂದು ಕಾಫಿ ಅಂಗಡಿ ಬಂತು. ಮುಸ್ಲಿಂ ಹಬ್ಬಗಳು ನಡೆದವು. ಊರೂರು ತಿರುಗಿ ಕಥೆ ಹೇಳುವವನಿಗೆ ಆಹ್ವಾನ ಹೋಯಿತು. ಮೌನ ಕರಗತೊಡಗಿತು. 1956ರಲ್ಲಿ ಆತ ಇನ್ನೊಂದು ಲೇಖನವನ್ನು ಚಾರ್ಲ್ಸ್ ಜೆರೊನಿಮಿಯೊಡನೆ ಬರೆದನು. ಚಿತ್ರ ತೋರಿಸಿ ಕಥೆ ಹೇಳಿಸುವ ಒಂದು ಮನಃಪರೀಕ್ಷೆಯಲ್ಲಿ ಅಲ್ಜೀರಿಯಾದ ಮುಸ್ಲಿಂ ಮಹಿಳೆಯರು ಪಾಶ್ಚಾತ್ಯ ಜೀವನದ ಚಿತ್ರಗಳೆದುರು ತಡವರಿಸಿದರು. ಖಾಲಿ ಬಿಳಿಯ ಕಾರ್ಡನ್ನು ಕೊಟ್ಟಾಗ ತುಂಬು ಕಥೆಗಳನ್ನು ಹೇಳಿದರು! ಕಲ್ಪನೆಗೆ ಕೊರತೆಯಿರಲಿಲ್ಲ, ಅಡ್ಡಿಯಾಗಿದ್ದದ್ದು ಆ ಚಿತ್ರಗಳು.

ಇದನ್ನೋದುವಾಗ ನನಗೆ ನನ್ನದೇ ತರಗತಿ ಕಣ್ಣಮುಂದೆ ಬಂತು. ನೌಕರಿಯ ಮೊದಲ ವರ್ಷಗಳಲ್ಲಿ ಲಂಬಾಣಿ ತಾಂಡಾದಿಂದ ಒಬ್ಬ ಹುಡುಗ ಬರುತ್ತಿದ್ದ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ದಡ್ಡನೆಂದು ತೀರ್ಮಾನಿಸಿದ್ದೆ. ಒಂದು ಸಂಜೆ ತಾಂಡಾದ ಹತ್ತಿರ ಅವನು ತನ್ನ ಭಾಷೆಯಲ್ಲಿ ಹತ್ತು ಮಕ್ಕಳಿಗೆ ನಗುನಗುತ್ತ ಕಥೆ ಹೇಳುತ್ತಿದ್ದುದನ್ನು ಕಂಡು ನಾಚಿದೆ. ಪೊರೊ ಮಾಡಿದ ತಪ್ಪನ್ನು ಸಣ್ಣ ಪ್ರಮಾಣದಲ್ಲಿ ನಾನೂ ಮಾಡಿದ್ದೆ.

ನನ್ನ ವಿದ್ಯಾರ್ಥಿನಿ ಈಗ ಬಾಳುತ್ತಿರುವ ಅಮೆರಿಕದಲ್ಲೇ ಈ ತಪ್ಪಿಗೆ ಇನ್ನೂ ಕ್ರೂರವಾದ ಚರಿತ್ರೆಯಿದೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಯಜಮಾನನಿಂದ ತಪ್ಪಿಸಿಕೊಂಡು ಓಡುವ ಗುಲಾಮರಿಗೆ ಇರುವುದು ಒಂದು ಮನೋರೋಗವೆಂದು ಬರೆದು, ಅದಕ್ಕೆ 'ಡ್ರೇಪಟೊಮೇನಿಯಾ' ಎಂದು ಹೆಸರಿಟ್ಟನು. ಸ್ವಾತಂತ್ರ್ಯದ ಬಯಕೆಯೇ ರೋಗ! ಇಂಥ ಪರಂಪರೆಯುಳ್ಳ ಶಾಸ್ತ್ರದ ಮುಂದೆ ಕಪ್ಪು ಜನ ಮನಬಿಚ್ಚಿ ಕುಳಿತುಕೊಳ್ಳಲು ಹಿಂಜರಿದದ್ದು ಸಹಜವೇ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಪ್ಪು ಮನಶ್ಶಾಸ್ತ್ರಜ್ಞರು ತಮ್ಮದೇ ಸಂಘವನ್ನು ಕಟ್ಟಿದರು. ಮರುವರ್ಷ ಕಪ್ಪು ಮನೋವೈದ್ಯರೂ ಹಾಗೆಯೇ ಮಾಡಿದರು. ನಮ್ಮವರ ನೋವನ್ನು ನಮ್ಮ ಬದುಕಿನ ಅಳತೆಗೋಲಿನಿಂದ ಅಳೆಯಬೇಕೆಂಬುದು ಅವರ ವಾದ. ಅದು ಇತರರ ದ್ವೇಷದಿಂದ ಹುಟ್ಟಿದ್ದಲ್ಲ, ತಪ್ಪಾಗಿ ಅಳೆಯಲ್ಪಟ್ಟವರ ಅನುಭವದಿಂದ ಹುಟ್ಟಿದ್ದು.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಒಂದು ಭಾಗ್ಯವಿತ್ತು. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿದ 'ರಾಶಿ', ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಯನ್ನು ಅಡುಗೆಮನೆಯ ಕನ್ನಡದಲ್ಲೂ ಮಾತನಾಡಬಹುದೆಂದು ನನ್ನ ತಲೆಮಾರಿಗೆ ತೋರಿಸಿಕೊಟ್ಟವರು ಅವರು.

ಇಷ್ಟನ್ನೂ ಯೋಚಿಸಿ ಅವಳಿಗೆ ಹೀಗೆ ಬರೆದೆ: "ಮಗೂ, ಕಾಲು ಮುರಿದಾಗ ಯಾವ ದೇಶದ ವೈದ್ಯನಾದರೂ ಕಟ್ಟು ಹಾಕಿಯಾನು. ಆದರೆ ಮನಸ್ಸಿನ ಚಿಕಿತ್ಸೆಯಲ್ಲಿ ಮಾತೇ ಔಷಧ. ಆ ಮಾತು ಅರ್ಥವಾಗುವವರನ್ನು ಹುಡುಕುವುದು ಸಂಕುಚಿತ ಬುದ್ಧಿಯಲ್ಲ. ವಿಶ್ವಮಾನವನಿಗೂ ಅಳಲು ಒಂದು ಮನೆ ಬೇಕು. ಆದರೆ ಒಂದು ಎಚ್ಚರಿಕೆ. ನಮ್ಮವರೆಂಬ ಮಾತ್ರಕ್ಕೆ ಯಾರೂ ಒಳ್ಳೆಯ ಚಿಕಿತ್ಸಕರಾಗುವುದಿಲ್ಲ. ನಮ್ಮವರೇ ಅಣ್ಣನ ಪಕ್ಷ ವಹಿಸಿ ನಿನಗೆ ಬುದ್ಧಿ ಹೇಳಲೂಬಹುದು. ತರಬೇತಿಯನ್ನು ನೋಡು, ಗುಟ್ಟು ಕಾಯುವರೇ ಎಂದು ಕೇಳು. ನಮ್ಮವರು ಸಿಗದಿದ್ದರೆ, ಫ್ಯಾನನ್ನನಂತೆ ತನ್ನ ಅರಿವಿನ ಮಿತಿಯನ್ನು ಒಪ್ಪಿಕೊಂಡು ಕಲಿಯಬಲ್ಲವರನ್ನು ಆರಿಸಿಕೋ."

ಮೊನ್ನೆ ಉತ್ತರ ಬಂತು. ಕೊನೆಗೆ ಅವಳಿಗೆ ದೊರೆತವರು ಕನ್ನಡದವರಲ್ಲ, ತಮಿಳುನಾಡು ಮೂಲದ ಮಹಿಳೆ. ಮಾತುಕತೆಯೆಲ್ಲ ಇಂಗ್ಲಿಷಿನಲ್ಲೇ. "ಹದಿಮೂರನೆಯ ದಿನಕ್ಕೂ ಹೋಗಲಾಗಲಿಲ್ಲ" ಎಂದು ಇವಳು ಹೇಳಿದಾಗ ಅವರು "ಅದೇನು?" ಎಂದು ಕೇಳಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ" ಎಂದರಂತೆ. ಅಂದು ರಾತ್ರಿ ನಿದ್ರೆ ಬಂತೆಂದು ಬರೆದಿದ್ದಾಳೆ.